ನಾರು, ನಿಷೇಧ ಮತ್ತು ಆದೋನಿ ಸೀಮೆ

ಪತ್ರಿಕೆಗಳಲ್ಲಿ ಎನ್‌ಡಿಪಿಎಸ್ ಎಂಬ ಮೊಟಕು ಹೆಸರಿನಿಂದ ನಿತ್ಯ ಕಾಣಿಸಿಕೊಳ್ಳುವ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಕಾಯ್ದೆಯು ತನ್ನ 8ನೇ ಸೆಕ್ಷನ್‌ನಲ್ಲಿ ಗಾಂಜಾ ಕುಲದ ಯಾವ ಗಿಡವನ್ನೂ ಬೆಳೆಯಕೂಡದೆಂದು ಕಟ್ಟಪ್ಪಣೆ ಮಾಡುತ್ತದೆ. ಅದೇ ಕಾಯ್ದೆ 14ನೇ ಸೆಕ್ಷನ್‌ಗೆ ಬರುವಷ್ಟರಲ್ಲಿ, ಹಿಂದೆ ಏನೇ ಹೇಳಿದ್ದರೂ ಕೈಗಾರಿಕೆಗೆ ಬೇಕಾದ ನಾರು ಇಲ್ಲವೆ ಬೀಜವನ್ನು ಪಡೆಯುವುದಕ್ಕಾಗಿ ಸರ್ಕಾರವು ತಕ್ಕ ಷರತ್ತುಗಳೊಡನೆ ಆ ಗಿಡದ ಬೇಸಾಯಕ್ಕೆ ಅನುಮತಿ ಕೊಡಬಹುದೆಂದು ಒಪ್ಪಿಕೊಳ್ಳುತ್ತದೆ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿಯೇ ಇರುವ ಈ ದಿಡ್ಡಿಯನ್ನು ಉತ್ತರಾಖಂಡ ಸರ್ಕಾರ ಬಳಸಿಕೊಂಡು 2018ರಲ್ಲಿ ಪೌರಿ ಗಢವಾಲ್ ಜಿಲ್ಲೆಯಲ್ಲಿ ನಾರಿನ ಹೆಂಪ್ ಬೆಳೆಯಲು ಪರವಾನಗಿ ನೀಡಿತು; ಆಂಧ್ರಪ್ರದೇಶ ಅತ್ತ ಕಾಲಿಟ್ಟಿಲ್ಲ. ಹೀಗಾಗಿ ಆದೋನಿ, ಆಲೂರು, ಎಮ್ಮಿಗನೂರು, ಮಂತ್ರಾಲಯ, ಪತ್ತಿಕೊಂಡ ಪ್ರದೇಶಗಳ ರೈತನ ಮೇಲಿರುವ ನಿಷೇಧವು ಸಂಸತ್ತಿನ ಕಾಯ್ದೆಯಿಂದ ಬಂದದ್ದು ಅರ್ಧದಷ್ಟಾದರೆ, ಉಳಿದರ್ಧ ರಾಜ್ಯದ ಕೃಷಿ ಮತ್ತು ಗೃಹ ಇಲಾಖೆಗಳು ಹೊರಡಿಸದೆ ಬಿಟ್ಟ ಒಂದು ಆದೇಶದಿಂದ ಬಂದದ್ದು. ಅಮಲಿನ ಗಿಡದ ಮೇಲಿನ ನಿಷೇಧವನ್ನು ಹಾಗೆಯೇ ಉಳಿಸಿಕೊಂಡು ನಾರಿನ ಗಿಡದ ಮೇಲಿನ ನಿಷೇಧವನ್ನು ಈ ಸೀಮೆಯ ಮಟ್ಟಿಗಾದರೂ ಪ್ರಯೋಗವಾಗಿ ತೆಗೆಯಬೇಕೆಂಬ ಬೇಡಿಕೆಗೆ ಆಧಾರವಿದೆಯೇ ಎಂಬುದು ಇಲ್ಲಿ ಪರಿಶೀಲನೆಯ ವಿಷಯ.

ಹೆಂಪ್ ಎಂಬ ವ್ಯಾಪಾರದ ಹೆಸರಿನಡಿ ಮೂರು ಬೇರೆ ಬೇರೆ ಕುಲದ ಗಿಡಗಳು ಬರುವುದರಿಂದ ಅವನ್ನು ಮೊದಲೇ ಬೇರ್ಪಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮೊದಲನೆಯದು ಪುಂಡಿ, ದಾಸವಾಳದ ನೆಂಟನಾದ ಈ ಗಿಡ ಹಳೆಯ ವಾಣಿಜ್ಯ ದಾಖಲೆಗಳಲ್ಲಿ ‘ಡೆಕ್ಕನ್ ಹೆಂಪ್’ ಎಂದೂ, ಭೀಮುನಿಪಟ್ಟಣದ ಬಂದರಿನಿಂದ ಹೊರದೇಶಕ್ಕೆ ಹೋಗುತ್ತಿದ್ದ ಕಾರಣ ‘ಬಿಮ್ಲಿಪಟ್ಟಣದ ಸೆಣಬು’ ಎಂದೂ ದಾಖಲಾಗಿದೆ. ಎರಡನೆಯದು ಹಳದಿ ಹೂವಿನ ಅಪ್ಸೆಣಬು, ತೆಲುಗಿನ ಜನುಮು; ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಇದನ್ನು ಹಸಿರೆಲೆ ಗೊಬ್ಬರವಾಗಿ ಹೊಲದಲ್ಲಿ ಮಗುಚಲೆಂದು ಸರ್ಕಾರವೇ ರಿಯಾಯಿತಿ ದರದಲ್ಲಿ ಬೀಜ ಕೊಡುತ್ತದೆ. ಮೂರನೆಯದೇ ವಿವಾದದ ಗಿಡ, ಕ್ಯಾನಬಿಸ್ ಸಟೈವಾ. ಗಾಂಜಾ ಮತ್ತು ನಾರಿನ ಹೆಂಪ್ ಎರಡೂ ಇದೇ ಜಾತಿಯವು. ಅಮಲು ತರುವ ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ಅಂಶ, ಅಂದರೆ ಟಿಎಚ್‌ಸಿ, ಒಣಗಿದ ತುದಿಯ ತೂಕದಲ್ಲಿ ಶೇ 0.3ನ್ನು ಮೀರದ ತಳಿಗಳನ್ನು ಅಮೆರಿಕವೂ ಯುರೋಪಿನ ಒಕ್ಕೂಟವೂ ಉತ್ತರಾಖಂಡವೂ ನಾರಿನ ಹೆಂಪ್ ಎಂದು ಎಣಿಸುತ್ತವೆ, ಗಾಂಜಾದಲ್ಲಿ ಅದು ಇದರ ಹತ್ತಾರು ಪಟ್ಟು ಇರುತ್ತದೆ.

1953ರ ಅಕ್ಟೋಬರ್ 1ರವರೆಗೆ ಆದೋನಿ ಮತ್ತು ಆಲೂರು ತಾಲ್ಲೂಕುಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವಾಗಿದ್ದು, ಆಂಧ್ರ ರಾಜ್ಯ ಹುಟ್ಟಿದಾಗ ಅತ್ತ ಸೇರಿದವು. ಹೊಳಗುಂದ, ಕೌತಾಳಂ, ಕೋಸಿಗಿ, ಹಾಲಹರ್ವಿ ಕಡೆಯ ಹಳ್ಳಿಗಳಲ್ಲಿ ಮನೆಮಾತಾಗಿ ಕನ್ನಡ ಉಳಿದಿರುವಂತೆಯೇ ಬೇಸಾಯದ ರೀತಿಯೂ ಸಿರುಗುಪ್ಪ, ಬಳ್ಳಾರಿ, ರಾಯಚೂರುಗಳದ್ದೇ ಆಗಿ ಉಳಿದಿದೆ. ಎರೆ ಭೂಮಿಯಲ್ಲಿ ಹತ್ತಿ, ಜೋಳ, ಕಡಲೆ, ಮಸಾರಿಯಲ್ಲಿ ಶೇಂಗಾ, ನವಣೆ, ತೊಗರಿ, ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತ ಮತ್ತು ಮೆಣಸಿನಕಾಯಿ. ವರ್ಷದ ಮಳೆ 600 ಮಿಲಿಮೀಟರ್‌ನ ಆಸುಪಾಸು ಇಲ್ಲವೆ ಅದಕ್ಕೂ ಕಡಿಮೆ. ಅದೂ ಆರಿದ್ರೆಯಲ್ಲಿ ಬರಬೇಕಾದದ್ದು ಉತ್ತರೆಯಲ್ಲಿ ಬರುವುದು ಇಲ್ಲಿ ಮಾಮೂಲು. ನಾರು ಎಂಬುದು ಈ ನಾಡಿಗೆ ಹೊಸ ವಿದ್ಯೆಯಲ್ಲ. ಹತ್ತಿ ಜಮಖಾನಗಳಿಗೆ ಆದೋನಿ ಬ್ರಿಟಿಷರ ಕಾಲದಲ್ಲಿಯೇ ಹೆಸರಾಗಿತ್ತು, ಹತ್ತಿ ಮತ್ತು ಬಟ್ಟೆಯ ವ್ಯಾಪಾರದಿಂದ ‘ಎರಡನೆಯ ಮುಂಬಯಿ’ ಎಂದು ಕರೆಸಿಕೊಂಡಿತು. ನೆರೆಯ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ಒಂದು ಕಾಲಕ್ಕೆ ದೇಶದ ಕೈಮಗ್ಗ ಚಳವಳಿಗೆ ಮಾದರಿಯಾಗಿತ್ತು.

ಪುಂಡಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಹೆಂಪ್ ಪರವಾಗಿ ಆಡುವ ಮಾತಿಗೆಲ್ಲ ಅದು ಪರೀಕ್ಷೆಯಂತಿದೆ. ಜೋಳ ಅಥವಾ ಹತ್ತಿಯ ಹೊಲದಲ್ಲಿ ಕೂರಿಗೆಯ ನಾಲ್ಕಾರು ಸಾಲಿಗೊಮ್ಮೆ ಅಕ್ಕಡಿಯಾಗಿ ಪುಂಡಿ ಬೀಜ ಬಿಡುತ್ತಿದ್ದರು. ಎಳೆಯ ಸೊಪ್ಪು ನುಚ್ಚು ಬೆರೆತ ಪುಂಡಿಪಲ್ಯವಾಗಿ ರೊಟ್ಟಿಯ ಜೊತೆಗೆ ತಾಟು ಸೇರಿದರೆ, ಬಲಿತ ಕಡ್ಡಿಯನ್ನು ಬುಡಸಮೇತ ಕಿತ್ತು, ಎಲೆ ಉದುರುವಂತೆ ಒಂದೆರಡು ದಿನ ಹೊಲದಲ್ಲಿಯೇ ಬಿಟ್ಟು, ಸಿವುಡು ಕಟ್ಟಿ, ಹಳ್ಳದ ಮಡುವಿನಲ್ಲಿಯೋ ಕುಂಟೆಯಲ್ಲಿಯೋ ಮುಳುಗಿಸಿ, ಮೇಲೆದ್ದು ಬಾರದಂತೆ ಕಲ್ಲು ಹೇರುತ್ತಿದ್ದರು. ಎರಡು ಮೂರು ವಾರಗಳಲ್ಲಿ ನೀರಿನ ಸೂಕ್ಷ್ಮಜೀವಿಗಳು ತೊಗಟೆಯನ್ನು ಕಡ್ಡಿಗೆ ಅಂಟಿಸಿದ ಅಂಟನ್ನು ತಿಂದುಹಾಕುತ್ತವೆ. ಕೊಳೆಹಾಕುವುದು ಎನ್ನುವುದು ಈ ಕ್ರಿಯೆಗೆ. ಒಂದು ದಿನ ಮೊದಲೇ ತೆಗೆದರೆ ನಾರು ಸಿಬಿರಿನಂತೆ ಒರಟಾಗುತ್ತದೆ, ಎರಡು ದಿನ ತಡವಾದರೆ ಎಳೆದಲ್ಲೆಲ್ಲ ಹರಿಯುತ್ತದೆ. ಹದ ನೋಡುವವರು ಸಿವುಡಿನಿಂದ ಒಂದು ಕಡ್ಡಿ ಹಿರಿದು ಬುಡದಲ್ಲಿ ಹೆಬ್ಬೆರಳಿನಿಂದ ಸಿಪ್ಪೆ ಜಾರಿಸಿ, ಅದು ತುದಿಯವರೆಗೆ ತಡೆಯಿಲ್ಲದೆ ಬಂದರೆ ಮಾತ್ರ ಉಳಿದದ್ದಕ್ಕೆ ಕೈಹಾಕುತ್ತಿದ್ದರು. ಬಡಿದು, ಸುಲಿದು, ಜಾಲಾಡಿ, ಒಣಗಿಸಿದ ಆ ನಾರಿನಿಂದಲೇ ಎತ್ತಿನ ಕಣ್ಣಿ, ಮೂಗುದಾರ, ಬಾವಿಯ ಹಗ್ಗ, ಹೊಟ್ಟು ಹೊರುವ ಜಾಳಿಗೆ, ಗಡಿಗೆ ತೂಗುವ ನೆಲುವು ಎಲ್ಲವೂ ಆಗುತ್ತಿದ್ದವು.

ಈ ಬೆಳೆಯನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ನೈಲಾನ್ ಹಗ್ಗ ಸಂತೆಗೆ ಬಂದಿತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು, ಹಳ್ಳದಲ್ಲಿ ಮಡು ಉಳಿಯಲಿಲ್ಲ, ಮೊಣಕಾಲು ಮಟ್ಟದ ಗಬ್ಬು ನೀರಿನಲ್ಲಿ ದಿನವಿಡೀ ನಿಂತು ನಾರು ಸುಲಿಯುವ ಕೂಲಿಗೆ ಜನ ಬರಲಿಲ್ಲ. ಪುಂಡಿ ಪಲ್ಯದ ಮಡಿಗೆ ಹಿಂದಿರುಗಿತು. ಶ್ರೀಕಾಕುಳಂ ಜಿಲ್ಲೆಯ ಆಮದಾಲವಲಸದಲ್ಲಿ ಈ ಗುಂಪಿನ ನಾರುಬೆಳೆಗಳಿಗಾಗಿಯೇ ಸಂಶೋಧನಾ ಕೇಂದ್ರವಿದ್ದು ಅಲ್ಲಿಂದ ತಳಿಗಳು ಬಂದಿದ್ದರೂ ಅದರ ಫಲ ಉತ್ತರಾಂಧ್ರದ ಸೆಣಬಿನ ಗಿರಣಿಗಳ ಸುತ್ತಲೇ ಉಳಿಯಿತು. ನಿಷೇಧ ತೆಗೆದೊಡನೆ ಹೆಂಪ್ ತಾನಾಗಿ ರೈತನ ಮನೆ ತುಂಬಿಸುತ್ತದೆ ಎನ್ನುವವರು ಪುಂಡಿಯ ಈ ಗತಿಗೆ ಉತ್ತರ ಹೇಳಬೇಕಾಗುತ್ತದೆ. ಬೇಸಾಯಕ್ಕೆ ಅನುಮತಿ ಬೇಕು, ಆದರೆ ಅನುಮತಿಯಿಂದಷ್ಟೇ ಬೆಳೆ ನಿಲ್ಲುವುದಿಲ್ಲ. ಆದರೂ ಪುಂಡಿ ಸೋತದ್ದು ಪೇಟೆಯಲ್ಲಿ, ಎಲ್ಲರ ಕಣ್ಣೆದುರು, ಬೆಳೆದು ನೋಡಿದ ಮೇಲೆ. ಹೆಂಪ್‌ಗೆ ಆ ಸೋಲುವ ಅವಕಾಶವೂ ಸಿಕ್ಕಿಲ್ಲ.

ಅವಕಾಶ ಬೇಕೆನ್ನುವುದಕ್ಕೆ ಕಾರಣ ಹತ್ತಿಯ ಮೇಲಿನ ಅತಿಯಾದ ಅವಲಂಬನೆ. ಆದೋನಿಯ ಕೃಷಿ ಮಾರುಕಟ್ಟೆ ಯಾರ್ಡಿನಲ್ಲಿ ಸುಗ್ಗಿಯ ದಿನಗಳಲ್ಲಿ ಹತ್ತಿಯ ಸವಾಲು ನಡೆಯುವಾಗ ಏರುವ ಇಳಿಯುವ ದರವೇ ಮೂರು ನಾಲ್ಕು ತಾಲ್ಲೂಕುಗಳ ಸಾಲ, ಮದುವೆ, ಮಕ್ಕಳ ಓದುಗಳನ್ನು ನಿರ್ಧರಿಸುತ್ತದೆ. ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕ ಜಯಿಸಿ ಹತ್ತು ವರ್ಷಗಳ ಮೇಲಾಯಿತು. ಔಷಧಿ ಹೊಡೆಯುವ ಖರ್ಚು ಹಿಂದಿರುಗಿತು. ಬಿಡಿಸುವ ಕೂಲಿ ಪ್ರತಿ ವರ್ಷ ಏರುತ್ತಿದೆ. 2025ರ ಆಗಸ್ಟ್‌ನಲ್ಲಿ, ಇಲ್ಲಿನ ಬೆಳೆ ಇನ್ನೂ ಹೊಲದಲ್ಲಿರುವಾಗ, ಕೇಂದ್ರ ಸರ್ಕಾರ ಹತ್ತಿಯ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ಮೊದಲು ಸೆಪ್ಟೆಂಬರ್ ಅಂತ್ಯದವರೆಗೆ, ಆಮೇಲೆ ಡಿಸೆಂಬರ್ ಅಂತ್ಯದವರೆಗೆ ತೆಗೆದುಹಾಕಿತು. ಪತ್ತಿಕೊಂಡದ ಟೊಮೆಟೊ ರಸ್ತೆಗೆ ಸುರಿಯುವ ಸುದ್ದಿಯಂತೂ ಓದುಗರಿಗೆ ಹಳತಾಗಿದೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಮಂಡಲಗಳಿಂದ ಬೆಳೆ ಮುಗಿಯುತ್ತಿದ್ದಂತೆ ಮನೆಗೆ ಬೀಗ ಜಡಿದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡಗಳಿಗೂ ಗುಳೆ ಹೋಗುವವರ ಜೊತೆ ಶಾಲೆಯ ಮಕ್ಕಳೂ ಹೋಗುತ್ತಾರೆ. ಇಂಥ ನೆಲದಲ್ಲಿ ಮೂರು ನಾಲ್ಕು ತಿಂಗಳಿನಲ್ಲಿ ಕೊಯ್ಲಿಗೆ ಬರುವ, ದಟ್ಟವಾಗಿ ಬೆಳೆದು ಕಳೆಯನ್ನು ತಾನೇ ಅದುಮುವ, ಹತ್ತಿಯಷ್ಟು ಔಷಧಿ ಬೇಡದ, ಊರಿನಲ್ಲಿಯೇ ಸಂಸ್ಕರಣೆಯ ಕೆಲಸ ಹುಟ್ಟಿಸಬಲ್ಲ ಮತ್ತೊಂದು ನಾರುಬೆಳೆಯನ್ನು ಪರೀಕ್ಷಿಸಿಯಾದರೂ ನೋಡಬೇಕೆನ್ನುವುದು ದುರಾಸೆಯಲ್ಲ.

ಪೊಲೀಸರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಗಾಂಜಾದ ವಿಷಯದಲ್ಲಿ ಆಂಧ್ರಪ್ರದೇಶದ್ದು ಸುಟ್ಟುಕೊಂಡ ಕೈ. ಪೂರ್ವಘಟ್ಟದ ಬುಡಕಟ್ಟು ಪ್ರದೇಶದಲ್ಲಿ, ಈಗಿನ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿ, ಸಾವಿರಾರು ಎಕರೆಯಲ್ಲಿ ಬೆಳೆಯುತ್ತಿದ್ದ ಗಾಂಜಾವನ್ನು ಕಿತ್ತುಹಾಕಲು 2021ರಲ್ಲಿ ‘ಆಪರೇಷನ್ ಪರಿವರ್ತನ್’ ನಡೆಯಿತು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿಯ ಬಳಿ ಸುಮಾರು 2 ಲಕ್ಷ ಕಿಲೊ ಗಾಂಜಾ ಸುಡಲಾಯಿತು. 2024ರ ಕೊನೆಗೆ ‘ಈಗಲ್’ ಎಂಬ ಪ್ರತ್ಯೇಕ ದಳವೇ ರಚನೆಯಾಯಿತು. ಸಾಲ ಕೊಟ್ಟು ಬೆಳೆಸಿ ಕಡಿಮೆ ದರಕ್ಕೆ ಕೊಂಡೊಯ್ಯುತ್ತಿದ್ದ ಹೊರಗಿನ ದಲ್ಲಾಳಿಗಳಿಗಿಂತ ಗಿರಿಜನರೇ ಹೆಚ್ಚು ಸಂಖ್ಯೆಯಲ್ಲಿ ಜೈಲು ಸೇರಿದರೆಂಬ ಬೇಸರವಿದ್ದರೂ ಆ ಬೇಸಾಯವನ್ನು ನಿಲ್ಲಿಸಬೇಕಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. ನಾರಿನ ಹೆಸರಿನಲ್ಲಿ ಅನುಮತಿ ಕೊಟ್ಟರೆ ನಡುವೆ ಗಾಂಜಾ ಅಡಗಿಸುತ್ತಾರೆ, ಎರಡನ್ನೂ ಬರಿಗಣ್ಣಿನಿಂದ ಗುರುತಿಸಲಾಗದು ಎಂಬ ಆತಂಕ ಅಲ್ಲಿಂದಲೇ ಬಂದದ್ದು.

ಆದರೆ ಹೊಲಕ್ಕಿಳಿದು ನೋಡಿದರೆ ಎರಡು ಬೇಸಾಯಗಳು ಒಂದರಂತೆ ಒಂದಿಲ್ಲ. ನಾರಿಗಾಗಿ ಬಿತ್ತುವವರು ಹೆಕ್ಟೇರಿಗೆ ಹಲವು ಹತ್ತು ಕಿಲೊ ಬೀಜ ಸುರಿದು, ಕೊಂಬೆಯೊಡೆಯಲು ಎಡೆಯೇ ಇಲ್ಲದಂತೆ ಒತ್ತೊತ್ತಾಗಿ ಬೆಳೆಸುತ್ತಾರೆ. ಗಿಡ ಬೆರಳುಗಾತ್ರದ ಒಂಟಿ ಕೋಲಾಗಿ ಮೇಲೇರುತ್ತದೆ ಮತ್ತು ಬೀಜ ಬಲಿಯುವ ಮುನ್ನವೇ ಕೊಯ್ಲಾಗುತ್ತದೆ. ಗಾಂಜಾ ಬೆಳೆಯುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ದೂರದೂರ ನಾಟಿ, ಚಿವುಟಿ ಬರಿಸಿದ ಕೊಂಬೆಗಳು, ಬೀಜ ಕಟ್ಟದ ಹೆಣ್ಣು ಹೂಗೊಂಚಲು. ಈ ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆಯಾಗಿರುವುದರಿಂದ ಗಾಂಜಾ ಹೊಲದಲ್ಲಿ ಗಂಡನ್ನು ಹುಡುಕಿ ಕೀಳುವುದೇ ಮುಖ್ಯ ಕೆಲಸ; ನಾರಿನ ಹೊಲದಿಂದ ಗಾಳಿಯಲ್ಲಿ ಕಿಲೊಮೀಟರುಗಟ್ಟಲೆ ತೇಲಿಬರುವ ಪರಾಗ ಅದನ್ನು ಬೀಜಗಟ್ಟಿಸಿ ಕೆಡಿಸುತ್ತದೆ. ಗಾಂಜಾ ಬಚ್ಚಿಡಲು ಹೆಂಪ್ ಹೊಲದಷ್ಟು ಅನನುಕೂಲವಾದ ಜಾಗ ಇನ್ನೊಂದಿಲ್ಲ. ಈಗ ಅಡಗಿಸುವವರು ತೊಗರಿ, ಹತ್ತಿಗಳ ಸಾಲಿನಲ್ಲಿ ಅಡಗಿಸುತ್ತಾರೆ. ಅದಕ್ಕಾಗಿ ತೊಗರಿಯನ್ನು ಯಾರೂ ನಿಷೇಧಿಸಿಲ್ಲ.

ಕಾಯ್ದೆಯೂ ದಂಟನ್ನು ಅಪರಾಧಿಯಾಗಿ ಕಂಡಿಲ್ಲ. ಹೂವಿರುವ ಅಥವಾ ಕಾಯಿಕಟ್ಟಿದ ತುದಿಯನ್ನು ಮಾತ್ರ ಅದು ಗಾಂಜಾ ಎನ್ನುತ್ತದೆ, ತುದಿಯಿಲ್ಲದ ಎಲೆ ಮತ್ತು ಬೀಜಗಳನ್ನು ಹೊರಗಿಡುತ್ತದೆ. ಭಂಗಿಯ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ನೀಡಿದ್ದು ಈ ವ್ಯಾಖ್ಯೆಯ ಬಲದ ಮೇಲೆಯೇ. ಪಂಚನಾಮೆಯ ಹೊತ್ತಿನಲ್ಲಿ ಬೇರು, ಮಣ್ಣು, ಹಸಿ ದಂಟು, ಎಲೆ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ಬಂದ ತೂಕವನ್ನೇ ಗಾಂಜಾದ ತೂಕವೆಂದು ಬರೆದುಕೊಂಡದ್ದು ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಪ್ರಶ್ನೆಗೊಳಗಾಗಿದೆ. 1 ಕಿಲೊದವರೆಗೆ ಅಲ್ಪ ಪ್ರಮಾಣ, 20 ಕಿಲೊ ಮೀರಿದರೆ ವಾಣಿಜ್ಯ ಪ್ರಮಾಣ ಎಂಬ ಲೆಕ್ಕವಿರುವಲ್ಲಿ ಬೇರಿನ ಮಣ್ಣು ಒಬ್ಬನ ಜಾಮೀನನ್ನೇ ತಪ್ಪಿಸಬಹುದು. ಇದರ ಮೇಲೆ, ತನ್ನ ಜಮೀನಿನಲ್ಲಿ ಅಂಥ ಗಿಡವಿದ್ದರೆ ತಿಳಿಸುವುದು ಭೂಮಾಲೀಕನ ಹೊಣೆ, ಊರಿನಲ್ಲಿದ್ದರೆ ತಿಳಿಸುವುದು ಸರಪಂಚರ ಹೊಣೆ. ನಾರಿನ ತಳಿಗೆ ಪ್ರತ್ಯೇಕ ನಿಯಮವಿಲ್ಲದ ಕಡೆ ಸರಪಂಚರು ಎಲ್ಲವನ್ನೂ ಒಂದೇ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ತಪ್ಪೆನ್ನಲಾಗದು.

ಸಾರಾಸಗಟು ನಿಷೇಧ ಈ ಗಡಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದಕ್ಕೆ ಬೇರೆಡೆ ನೋಡಬೇಕಾಗಿಲ್ಲ. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಂದ ಪಾನನಿಷೇಧ 1997ರಲ್ಲಿ ಸಡಿಲಗೊಂಡಿತು. 2019ರ ನಂತರ ಮದ್ಯದ ಅಂಗಡಿಗಳು ಸರ್ಕಾರದ ಕೈಗೆ ಹೋಗಿ, ಪೂರ್ಣ ನಿಷೇಧವಿಲ್ಲದೆ ಬರೀ ದರ ಏರಿದಾಗಲೂ ಕರ್ನಾಟಕದ ಮದ್ಯದ ಪೊಟ್ಟಣಗಳು ಹಾಲಹರ್ವಿ, ಹೊಳಗುಂದ, ಮಾಧವರಂ ದಾರಿಗಳಲ್ಲಿ ಬೈಕಿನ ಡಿಕ್ಕಿಯಿಂದ ತರಕಾರಿ ಚೀಲದವರೆಗೆ ಎಲ್ಲದರಲ್ಲಿಯೂ ಸಿಕ್ಕಿಬಿದ್ದವು.

ಈ ಗಿಡದ ಬಗ್ಗೆ ಆಳುವವರು ಒಮ್ಮೆ ಕೂತು ಆಲೋಚಿಸಿದ್ದೂ ಉಂಟು. ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯಿಂದಾಗಿ 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಗಾಂಜಾ, ಚರಸ್, ಭಂಗಿಗಳ ಪೂರ್ಣ ನಿಷೇಧ ಅಗತ್ಯವೂ ಅಲ್ಲ, ಉಚಿತವೂ ಅಲ್ಲ, ಪರವಾನಗಿ ಮತ್ತು ತೆರಿಗೆಯ ಹಿಡಿತ ಸಾಕು ಎಂಬ ತೀರ್ಮಾನಕ್ಕೆ 1894ರಲ್ಲಿ ಬಂದಿತು. ಅಬಕಾರಿ ವರಮಾನ ಸರ್ಕಾರದ ಕಣ್ಣ ಮುಂದಿತ್ತೆನ್ನುವುದನ್ನು ಮರೆಯದೆಯೇ ಆ ವರದಿಯನ್ನು ಓದಬೇಕು. ಇಂದಿನ ನಿಷೇಧಗಳಿಗೆ ಮೂಲವಾದ ವಿಶ್ವಸಂಸ್ಥೆಯ 1961ರ ಒಪ್ಪಂದ ಕೂಡ ನಾರು ಮತ್ತು ಬೀಜಕ್ಕಾಗಿ ಮಾಡುವ ಬೇಸಾಯಕ್ಕೆ ತಾನು ಅನ್ವಯಿಸುವುದಿಲ್ಲವೆಂದು ತನ್ನ 28ನೇ ವಿಧಿಯಲ್ಲಿ ಹೇಳಿದೆ. ಫ್ರಾನ್ಸ್ ಈ ಬೆಳೆಯನ್ನು ಎಂದೂ ಬಿಡಲಿಲ್ಲ, ಕೆನಡಾ 1998ರಲ್ಲಿ, ಅಮೆರಿಕ 2018ರಲ್ಲಿ ಮರಳಿ ಒಪ್ಪಿಕೊಂಡವು. ದಖ್ಖನ್ನಿನಲ್ಲಿ ಈ ಗಿಡ ಹೊಸ ಅತಿಥಿಯೂ ಅಲ್ಲ; ಎಲ್ಲೋರದ ಗುಹೆಗಳ ಗಾರೆಯಲ್ಲಿ ಕ್ಯಾನಬಿಸ್ ಗಿಡದ ಚೂರುಗಳನ್ನು ಬೆರೆಸಿದ್ದು ಪತ್ತೆಯಾಗಿದ್ದು, ಅಲ್ಲಿ ಹುಳು ಹತ್ತದಿರಲು ಅದೂ ಕಾರಣವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಭಿಪ್ರಾಯಪಟ್ಟಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವೆಂದು ಅಂಗೀಕರಿಸಿ ಟಿಎಚ್‌ಸಿಯ ಮಿತಿ ಗೊತ್ತುಮಾಡಿತು. ಆದೋನಿಯ ನಿವಾಸಿ ಆ ಬೀಜವನ್ನು ತರಿಸಿ ತಿನ್ನಬಹುದು, ಬಿತ್ತಿದರೆ ಹತ್ತು ವರ್ಷಗಳವರೆಗೆ ಜೈಲು.

ಹೀಗಿದ್ದರೂ ನಾಳೆಯೇ ಬೀಜ ಹಂಚಿರೆಂದು ಕೇಳುವುದು ಅವಸರವಾಗುತ್ತದೆ. ಯುರೋಪಿನ ನಾರು ತಳಿಗಳು ಬೇಸಿಗೆಯ ದೀರ್ಘ ಹಗಲಿಗೆ ಒಗ್ಗಿದವು. ಹಗಲು ಕುಗ್ಗಿದೊಡನೆ ಹೂ ಬಿಡುವುದು ಅವುಗಳ ಸ್ವಭಾವ. ಹದಿನೈದೂವರೆ ಡಿಗ್ರಿ ಅಕ್ಷಾಂಶದ ಆದೋನಿಯಲ್ಲಿ ವರ್ಷದ ಅತಿ ದೀರ್ಘ ಹಗಲೂ ಸುಮಾರು 13 ಗಂಟೆಯಷ್ಟೇ ಆದ್ದರಿಂದ ಆ ತಳಿಗಳು ಇಲ್ಲಿ ಮೊಣಕಾಲೆತ್ತರಕ್ಕೇ ಹೂ ಬಿಟ್ಟು ನಿಂತುಬಿಡಬಹುದು. ನೀರು ನಿಲ್ಲುವ ಎರೆ ಭೂಮಿ ಈ ಬೇರಿಗೆ ಹಿಡಿಸುವುದಿಲ್ಲ. ಬಸಿಯುವ ಮಸಾರಿಯಲ್ಲಿ ಮಳೆ ಸಾಲುವುದಿಲ್ಲ. ಕೊಯ್ಲು ತಡವಾದಷ್ಟೂ ಟಿಎಚ್‌ಸಿ ಏರುತ್ತದೆ. ನಾರು ಬಿಡಿಸಲು ನೀರಿನಲ್ಲಿ ಕೊಳೆಹಾಕುವ ಹಳೆಯ ದಾರಿ ಕಾಲುವೆಯ ಕೊನೆಯಂಚಿನ ಹಳ್ಳಿಗಳಲ್ಲಿ ನಡೆಯದು, ಅದರಲ್ಲಿಯೂ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲೆ ಕಾಲುವೆಯ ನೀರನ್ನು ನಂಬಿ ಹೊಸ ಕಸುಬು ಹೂಡಲು ಯಾರಿಗೂ ಧೈರ್ಯ ಸಾಲದು. ಒಣ ದಂಟನ್ನೇ ಮುರಿದು ನಾರು ಬೇರ್ಪಡಿಸುವ ಯಂತ್ರಗಳೇ ಬೇಕು. ಉತ್ತರಾಖಂಡದಲ್ಲಿಯೂ ಕಡಿಮೆ ಟಿಎಚ್‌ಸಿಯ ನಂಬಿಕಸ್ಥ ಬೀಜ ಸಿಗದೆ ಬೇಸಾಯ ಅಂದುಕೊಂಡಷ್ಟು ಹಬ್ಬಲಿಲ್ಲ.

ಇವೆಲ್ಲ ನಿಷೇಧದ ಪರವಾದ ವಾದಗಳಂತೆ ತೋರಬಹುದು. ಅಸಲಿಗೆ ಇವು ಸಂಶೋಧನಾ ಕೇಂದ್ರದ ಪ್ರಯೋಗ ತಾಕಿನಲ್ಲಿ ಉತ್ತರ ಹುಡುಕಬೇಕಾದ ಪ್ರಶ್ನೆಗಳು, ಮತ್ತು ಸದ್ಯದ ಸ್ಥಿತಿ ತಡೆದಿರುವುದು ಆ ಹುಡುಕಾಟವನ್ನೇ. ಕಡಿಮೆ ಟಿಎಚ್‌ಸಿ ತಳಿಗಳ ಸಂಶೋಧನೆಗೆ ಪ್ರೋತ್ಸಾಹ ಕೊಡುವುದಾಗಿ ಕೇಂದ್ರದ 2012ರ ಮಾದಕ ದ್ರವ್ಯ ನೀತಿಯೇ ಹೇಳಿದೆ. ಹಿಮಾಚಲ ಪ್ರದೇಶ 2025ರ ಆರಂಭದಲ್ಲಿ ಪಾಲಂಪುರ ಮತ್ತು ನೌನಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನವನ್ನು ಒಪ್ಪಿಸಿತು. ಆಂಧ್ರದಲ್ಲಿ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯವಿದೆ, ಹತ್ತಿಯ ತಳಿಗಳಿಗೆ ಹೆಸರಾದ ನಂದ್ಯಾಲದ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ, ನಾರಿನ ಹಳೆಯ ಅನುಭವವಿರುವ ಆಮದಾಲವಲಸವಿದೆ. ಬೇಲಿ ಹಾಕಿದ ತಾಕು, ಲೆಕ್ಕವಿಟ್ಟ ಬೀಜ, ಕೊಯ್ಲಿನ ಮೊದಲು ಮಾದರಿಯ ಪರೀಕ್ಷೆ: 14ನೇ ಸೆಕ್ಷನ್‌ನಡಿ ಇಷ್ಟನ್ನು ಹೇಳುವ ಒಂದು ಆದೇಶ ಸಾಕು. ಮಸಾರಿಯಲ್ಲಿ ಒಂದು, ಎರೆಯಲ್ಲಿ ಒಂದು, ಪಕ್ಕದಲ್ಲಿಯೇ ಹೋಲಿಕೆಗೆ ಪುಂಡಿಯದೂ ಒಂದು ತಾಕು ಇರುವುದು ಲೇಸು, ಏಕೆಂದರೆ ಯಂತ್ರ ಬಂದ ಮೇಲೆ ಪುಂಡಿಯೇ ಗೆದ್ದರೂ ಆಶ್ಚರ್ಯವಿಲ್ಲ.

ರೈತರ ಹೊಲಕ್ಕೆ ಬರುವ ಹಂತದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಮಿತಿ ಮೀರಿದ ಬೆಳೆಯ ಪ್ರಶ್ನೆ. ನಿಯಮದಂತೆ ಬೀಜ ತಂದು, ನಿಯಮದಂತೆ ಬಿತ್ತಿಯೂ ಪರೀಕ್ಷೆಯಲ್ಲಿ ಶೇ 0.3ರ ಬದಲು 0.5 ಬಂದರೆ ಬೆಳೆ ಸುಡುವುದು ಸರಿ. ಆದರೆ ಆ ರೈತ ಆರೋಪಿಯೋ ನಷ್ಟ ಅನುಭವಿಸಿದವನೋ ಎಂಬುದು ಆದೇಶದಲ್ಲಿಯೇ ಬರೆದಿರಬೇಕು, ಠಾಣೆಯ ವಿವೇಚನೆಗೆ ಬಿಟ್ಟಿರಬಾರದು. ಎರಡನೆಯದು ಕೌಲು ರೈತರದು. ಆದೋನಿ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವವರಲ್ಲಿ ಬಹಳಷ್ಟು ಮಂದಿ ಬೇರೆಯವರ ಜಮೀನನ್ನು ವರ್ಷದ ಕೌಲಿಗೆ ಹಿಡಿದವರು. 2019ರ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ 11 ತಿಂಗಳ ಕರಾರಿಗೆ ಮಾಲೀಕನ ಸಹಿ ಕೇಳಿದ್ದರಿಂದಲೇ ಅನೇಕರಿಗೆ ಸಾಗುವಳಿದಾರರ ಕಾರ್ಡು ಸಿಗಲಿಲ್ಲ. ಜಮೀನಿನ ಪಾಸ್‌ಬುಕ್ಕು ಇದ್ದವರಿಗೆ ಮಾತ್ರ ಹೆಂಪ್ ಪರವಾನಗಿ ಎಂದಾದರೆ ಲೈಸೆನ್ಸು ಮಾಲೀಕನ ಹೆಸರಿನಲ್ಲಿ, ದುಡಿಮೆ ಕೌಲುದಾರನದು, ಮಾದರಿ ಕೆಟ್ಟ ದಿನ ಹೊಲದಲ್ಲಿ ಪೊಲೀಸರ ಕೈಗೆ ಸಿಗುವವನೂ ಕೌಲುದಾರನೇ ಆಗುತ್ತಾನೆ. ಸಾಗುವಳಿ ಮಾಡುವವನ ಹೆಸರಿಗೇ, ಗ್ರಾಮದ ರೈತ ಸೇವಾ ಕೇಂದ್ರದ ಬೆಳೆ ನೋಂದಣಿಯ ಆಧಾರದ ಮೇಲೆ ಪರವಾನಗಿ ಕೊಡುವ ಕಲಮು ಆದೇಶದ ಮೊದಲ ಕರಡಿನಲ್ಲಿಯೇ ಇರಬೇಕಾಗುತ್ತದೆ.